ಒಂಬತ್ತನ್ನು ನೋಡಿದೆ, ಹತ್ತನ್ನು ನೋಡಲಿಲ್ಲ

"ಸರ್, ಬ್ಯಾಟರಿ ಪ್ಯಾಕ್ ಹೋಗಿದೆ. ಪೂರ್ತಿ ಬದಲಾಯಿಸಬೇಕು."

ಇದನ್ನು ಹೇಳಿದವನು ನಾನೇ. ಮಡಿಕೇರಿಯ ನಮ್ಮ ವರ್ಕ್‌ಶಾಪಿನ ಕೌಂಟರ್‌ನಲ್ಲಿ, ಜುಲೈ ಕೊನೆಯ ವಾರ. ಅವರು ನಾಪೋಕ್ಲು ಕಡೆಯ ಕಾಫಿ ಬೆಳೆಗಾರರು, ವಯಸ್ಸಾದವರು. ಹೆಂಡತಿಯನ್ನು ಚಿಕಿತ್ಸೆಗೆ ಮೈಸೂರಿಗೆ ಕರ್ಕೊಂಡು ಹೋಗಲು ಇದ್ದದ್ದು ಆ ಹೈಬ್ರಿಡ್ ಸೆಡಾನ್ ಒಂದೇ. ಎಸ್ಟಿಮೇಟ್ ಹಾಳೆಯನ್ನು ಎರಡು ಸಲ ಓದಿದರು. ಮಡಚಿ ರೇನ್‌ಕೋಟಿನ ಒಳಜೇಬಿಗೆ ಇಟ್ಟುಕೊಂಡರು. "ಹಾಗಾದ್ರೆ ಮಾರಿಬಿಡೋದೇ ವಾಸಿ, ಅಲ್ವಾ ಮಗಾ?" ಅಂದರು. ನಾನು ಸುಮ್ನೆ ನಿಂತಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಸ್ಕ್ಯಾನರ್‌ನಲ್ಲಿ ಬಂದಿದ್ದು ಪಿ0ಎ80, ಅಂದರೆ ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಾಯಿಸಿ ಅನ್ನುವ ಕೋಡ್. ಪ್ಯಾಕಿನಲ್ಲಿ 34 ಮಾಡ್ಯೂಲ್, ಒಂದೊಂದೂ ಹೆಸರಿಗೆ 7.2 ವೋಲ್ಟ್ (ಚಾರ್ಜ್ ಇದ್ದಾಗ ಇನ್ನೂ ಜಾಸ್ತಿ), ಒಟ್ಟು 244.8. ಎರಡೆರಡು ಸೇರಿ 17 ಬ್ಲಾಕ್. ಲೈವ್ ಡೇಟಾದ ಮೊದಲ ಪುಟದಲ್ಲಿ ಅತಿ ಕಡಿಮೆ ಬ್ಲಾಕ್ ಯಾವುದು ಅಂತ ಮಾತ್ರ ಕಾಣುತ್ತದೆ. ಒಂಬತ್ತನೇದು 14.3. ಇಷ್ಟು ಸಾಕು ಅಂದುಕೊಂಡೆ. ಮುಂದಿನ ಪುಟ ತೆರೆಯಲೇ ಇಲ್ಲ. ಅವತ್ತು ಲಿಫ್ಟ್ ಮೇಲೆ ಇನ್ನೂ ಮೂರು ಗಾಡಿ ಕಾಯುತ್ತಿದ್ದವು. ಸಂಜೆಯೊಳಗೆ ಎಷ್ಟು ಜಾಬ್ ಕಾರ್ಡ್ ಮುಗಿಯಿತು ಅನ್ನೋದರ ಮೇಲೆ ನಮಗೆ ಇನ್ಸೆಂಟಿವ್. ಎಷ್ಟು ಸರಿಯಾಗಿ ಹುಡುಕಿದೆ ಅಂತ ಯಾರೂ ಕೇಳುವುದಿಲ್ಲ. ಮ್ಯಾನೇಜ್‌ಮೆಂಟ್‌ಗೆ ಇದನ್ನು ಮೀಟಿಂಗಿನಲ್ಲೂ ಹೇಳಿದ್ದೇನೆ.

ಪ್ಯಾಕ್ ಆರ್ಡರ್ ಮಾಡಬೇಕಾದರೆ ಹೆಡ್ ಆಫೀಸಿಗೆ ಮಾಡ್ಯೂಲ್ ಟರ್ಮಿನಲ್‌ನಲ್ಲೇ ಅಳೆದ ರೀಡಿಂಗಿನ ಫೋಟೋ ಕಳಿಸಬೇಕು. ಆ ರೂಲಿಗೆ ಬೈದುಕೊಂಡೇ ಹಿಂದಿನ ಸೀಟು ಬಿಚ್ಚಿದೆ. ಪ್ಯಾಕಿನ ಸರ್ಕ್ಯೂಟನ್ನು ನಡುವೆ ಕಡಿಯುವ ಸರ್ವಿಸ್ ಪ್ಲಗ್ ಎಳೆದು ಜೇಬಿಗೆ ಹಾಕಿಕೊಂಡೆ. ಹತ್ತು ನಿಮಿಷ ಕಾದೆ. ಗ್ಲೌಸಿಗೆ ಗಾಳಿ ತುಂಬಿ, ಸುತ್ತಿ, ಎಲ್ಲೂ ಸೋರುವುದಿಲ್ಲ ಅಂತ ನೋಡಿಕೊಂಡೆ. ಪ್ಲಗ್ ತೆಗೆದರೂ ಪ್ಯಾಕಿನ ಒಂದೊಂದು ಅರ್ಧದಲ್ಲಿ 120 ವೋಲ್ಟಿನಷ್ಟು ಜೀವ ಇದ್ದೇ ಇರುತ್ತದೆ.

ಮೀಟರಿನ ಪ್ರೋಬ್ ಒಂಬತ್ತನೇ ಬ್ಲಾಕಿನ ಎರಡೂ ಟರ್ಮಿನಲ್ ಮೇಲಿದ್ದಾಗಲೇ ಕರೆಂಟ್ ಹೋಯಿತು. ಮಳೆಗಾಲದ ಸಂಜೆ, ಶೆಡ್ ಒಳಗೆ ಒಂದೇ ಸಲಕ್ಕೆ ಕತ್ತಲು. ಕೆಂಪು ಪ್ರೋಬಿನ ಮೊನೆಗೂ ಪಕ್ಕದ ಬಸ್‌ಬಾರಿಗೂ (ಮಾಡ್ಯೂಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ಎರಡು ಬೆರಳಿನ ಅಂತರ. "ಕೈ ಅಲ್ಲಾಡಿಸಬೇಡ" ಅಂತ ಮೇಸ್ತ್ರಿ ಹಿಂದಿನಿಂದ ಹೇಳಿದರು. ಶೀಟಿನ ಮೇಲೆ ಮಳೆ ಬಡಿಯುತ್ತಿತ್ತು. ಗ್ಲೌಸ್ ಒಳಗೆ ಬೆವರು. ಎಳೆದುಬಿಡೋಣ ಅನಿಸಿತು. ಎಳೆಯುವಾಗಲೇ ಜಾರುವುದು ಜಾಸ್ತಿ ಅಂತ ಗೊತ್ತಿತ್ತು, ಹಾಗೇ ಹಿಡಿದುಕೊಂಡೆ. ಜನರೇಟರ್ ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಹತ್ತಿತು.

ಬೆಳಕು ಬಂದಾಗ ಮೀಟರ್‌ನಲ್ಲಿ 15.76 ಇತ್ತು.

ಮೀಟರೇ ಸರಿಯಿಲ್ಲ ಅಂದುಕೊಂಡೆ. ಅದರ ಸೆಲ್ ಬದಲಾಯಿಸಿದೆ. ಮತ್ತೆ 15.76. ಬ್ಲಾಕ್‌ಗಳ ವೋಲ್ಟೇಜ್ ತಿಳಿಸುವ ಸೆನ್ಸ್ ವೈರ್‌ಗಳ ಕನೆಕ್ಟರನ್ನು ಬ್ಯಾಟರಿ ಇಸಿಯುನಿಂದ (ಬ್ಯಾಟರಿ ನೋಡಿಕೊಳ್ಳುವ ಕಂಪ್ಯೂಟರ್) ಕಿತ್ತು ಪಿನ್‌ಗಳಲ್ಲಿ ಅಳೆದೆ. ಅಲ್ಲೂ ಅದೇ. ಪ್ಯಾಕ್ ಸರಿ, ವೈರ್ ಸರಿ, ಅಂದಮೇಲೆ ಇಸಿಯು ಹೋಗಿದೆ ಅಂತ ಲೆಕ್ಕ ಹಾಕಿದೆ. ಒಂದು ತಪ್ಪಿನ ಮೇಲೆ ಇನ್ನೊಂದು. ಪಾರ್ಟ್ಸ್ ಕೌಂಟರಿಗೆ ಹೊರಟೇಬಿಟ್ಟಿದ್ದೆ.

ಮೇಸ್ತ್ರಿ ತಡೆದು ಕೇಳಿದರು, "ಹತ್ತನೇ ಬ್ಲಾಕ್ ಎಷ್ಟು ತೋರಿಸ್ತಿತ್ತು?"

ನನಗೆ ಗೊತ್ತಿರಲಿಲ್ಲ. ಸೇವ್ ಆಗಿದ್ದ ಡೇಟಾ ತೆರೆದು ಎರಡನೇ ಪುಟಕ್ಕೆ ಹೋದೆ. ಹತ್ತನೇದು 17.2. ಉಳಿದವೆಲ್ಲ 15.7, 15.8. ಮೇಸ್ತ್ರಿ ಜಾಬ್ ಕಾರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ಕೂಡಿದರು. 14.3 ಮತ್ತು 17.2 ಸೇರಿ 31.5. ಬೇರೆ ಯಾವ ಎರಡು ಕೂಡಿದರೂ ಹೆಚ್ಚುಕಡಿಮೆ ಅಷ್ಟೇ.

ಒಂಬತ್ತು ಮತ್ತು ಹತ್ತರ ನಡುವೆ ಇರುವುದು ಒಂದೇ ಸೆನ್ಸ್ ವೈರ್. ಅದು ಸುಳ್ಳು ಹೇಳಿದರೆ ಒಂದರಲ್ಲಿ ಎಷ್ಟು ಕಡಿಮೆ ಆಯಿತೋ ಅಷ್ಟೇ ಪಕ್ಕದ್ದರಲ್ಲಿ ಏರುತ್ತದೆ. ಬ್ಲಾಕ್ ನಿಜವಾಗಿ ಸೋತಿದ್ದರೆ ಪಕ್ಕದ್ದು ಯಾಕೆ ಏರಬೇಕು? ಪಿನ್‌ನಲ್ಲಿ ನನ್ನ ಮೀಟರ್ ಮೋಸಹೋದದ್ದಕ್ಕೂ ಕಾರಣ ಇದೆ. ಅದರ ಇನ್‌ಪುಟ್ 10 ಮೆಗಾಓಮ್, ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಅಷ್ಟಕ್ಕೆ ಕೆಟ್ಟ ಜಾಯಿಂಟ್ ಕೂಡ ಪೂರ್ತಿ ವೋಲ್ಟೇಜ್ ದಾಟಿಸುತ್ತದೆ. ಇಸಿಯು ಅದಕ್ಕಿಂತ ಜಾಸ್ತಿ ಎಳೆಯುತ್ತದೆ, ಆಗ ಡ್ರಾಪ್ ಕಾಣುತ್ತದೆ.

ಕನೆಕ್ಟರ್ ಬಿಚ್ಚಿಟ್ಟೇ, ಬಸ್‌ಬಾರ್ ನಟ್ಟಿನಿಂದ ಅದರದೇ ಪಿನ್‌ವರೆಗೆ ಓಮ್ ಅಳೆದೆವು. ಬೇರೆ ವೈರ್‌ಗಳಲ್ಲಿ ಒಂದು ಓಮ್ ಕೂಡ ಇಲ್ಲ. ಇದರಲ್ಲಿ ಕಿಲೋ ಓಮ್‌ಗಟ್ಟಲೆ, ವೈರ್ ಮುಟ್ಟಿದಾಗಲೆಲ್ಲ ಬದಲಾಗುತ್ತಿತ್ತು. ನಟ್ ತೆಗೆದೆ. ಸೆನ್ಸ್ ಟ್ಯಾಬಿನ ಅಡಿಯಲ್ಲಿ ಹಸಿರು ಪುಡಿ, ಹಳೇ ತಾಮ್ರದ ಚೊಂಬಿನ ಬುಡದಲ್ಲಿ ಕಟ್ಟುವ ಕಿಲುಬಿನ ಹಾಗೆ. ಬೆರಳಲ್ಲಿ ತಟ್ಟಿದರೆ ಉದುರಿತು, ಜೊತೆಗೆ ಟ್ಯಾಬಿನ ಒಂದು ಮೂಲೆಯೂ. ನಿಕಲ್ ಬ್ಯಾಟರಿಯಲ್ಲಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಟರ್ಮಿನಲ್ ಬುಡದಿಂದ ಸಣ್ಣಗೆ ಮೇಲೆ ಹತ್ತಿಬರುತ್ತದೆ. ಜೊತೆಗೆ ನಮ್ಮ ತಿಂಗಳುಗಟ್ಟಲೆಯ ಥಂಡಿ. ಆ ಕಾರು ನಿಲ್ಲುತ್ತಿದ್ದದ್ದು ಮೂರು ಕಡೆ ಗೋಡೆ ಇಲ್ಲದ ಶೆಡ್‌ನಲ್ಲಿ.

ಹಾರ್ನೆಸ್ (ಸೆನ್ಸ್ ವೈರ್‌ಗಳ ಕಟ್ಟು) ಮತ್ತು ಬಸ್‌ಬಾರ್ ಬದಲಾಯಿಸಿದೆವು, ಸ್ಟಡ್‌ಗಳನ್ನು ಉಜ್ಜಿ ತೊಳೆದೆವು. ನಟ್‌ಗಳಿಗೆ ಪುಸ್ತಕದಲ್ಲಿದ್ದಷ್ಟೇ ಟಾರ್ಕ್. ಆಗಸ್ಟ್ 2ಕ್ಕೆ ಸಂಪಾಜೆ ಘಾಟಿಗೆ ರೋಡ್ ಟೆಸ್ಟ್. ಇಳಿಯುವಾಗ ಚಾರ್ಜ್, ಹತ್ತುವಾಗ ಡಿಸ್ಚಾರ್ಜ್. ಬ್ಯಾಟರಿ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಬೆಂಚ್ ಯಾವ ವರ್ಕ್‌ಶಾಪಿನಲ್ಲೂ ಇಲ್ಲ. ಮೇಸ್ತ್ರಿ ಓಡಿಸಿದರು, ನಾನು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು 17 ಬ್ಲಾಕನ್ನೂ ಒಂದೇ ಗ್ರಾಫಿಗೆ ಹಾಕಿದೆ. ಎಲ್ಲವೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ಒಂಬತ್ತು ಯಾವುದು ಅಂತ ಹುಡುಕಬೇಕಾಯಿತು.

ಜೋಡುಪಾಲದ ಹತ್ತಿರ ಗಾಡಿ ನಿಲ್ಲಿಸಿ ಅವರಿಗೆ ಫೋನ್ ಮಾಡಿದೆ. "ಸರ್, ಕಾರು ಮಾರಬೇಡಿ. ಬ್ಯಾಟರಿ ಚೆನ್ನಾಗಿದೆ. ಕೆಟ್ಟಿದ್ದು ವೈರ್. ನಾನೇ ತಪ್ಪು ಹೇಳಿದ್ದು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭಾನುವಾರ ಸುಳ್ಯದಿಂದ ಒಬ್ಬರು ನೋಡೋಕೆ ಬರ್ತಾರೆ, ಅವರಿಗೆ ಬೇಡ ಅಂತ ಹೇಳ್ಲಾ?" ಅಂದರು.

"ಹೇಳಿ ಸರ್."

"ನಾಳೆ ಕಕ್ಕಡ ಹದಿನೆಂಟು, ನಮ್ಮ ಕೊಡಗಿನ ಹಬ್ಬ. ಮನೆಗೇ ತಂದುಬಿಡು. ಮದ್ದು ಸೊಪ್ಪಿನ ಪಾಯಸ ಕುಡಿದು ಹೋಗುವಿಯಂತೆ."