ಬರೀ ಬಾಲ: ತೋಟಕ್ಕೊಂದು ಕ್ಯಾಮೆರಾ ಕಟ್ಟಿದ ದಿನಚರಿ

ನವೆಂಬರ್ 9

ಮಳೆಗಾಲದಲ್ಲಿ ನೆಟ್ಟ ಅಡಿಕೆ ಸಸಿಗಳಲ್ಲಿ ಹನ್ನೊಂದು ಹೋಗಿವೆ. ಬುಡ ಕಡಿದು, ಒಳಗಿನ ಬಿಳಿ ತಿರುಳು ತಿಂದು, ಸೋಗೆಯನ್ನು ಅಲ್ಲೇ ಬಿಟ್ಟು ಹೋಗಿದೆ. ಅಪ್ಪಯ್ಯನ ಪ್ರಕಾರ ಇದು ಮುಳ್ಳುಹಂದಿ ಕೆಲಸ. ಮರ ಹತ್ತಿ ಅಡಿಕೆ ಕೊನೆ (ಗೊನೆ) ತೆಗೆಯಲು ಬಂದ ಕೊನೆಗೌಡರ ಪ್ರಕಾರ ಕಾಡುಹಂದಿ. ಇಬ್ಬರೂ ಕಣ್ಣಾರೆ ನೋಡಿಲ್ಲ. ಇಬ್ಬರೂ ಮಾತು ಬಿಟ್ಟುಕೊಡುವವರೂ ಅಲ್ಲ. ಅಂಗಳದಲ್ಲಿ ಚಹಾ ಆರುವವರೆಗೂ ಇದೇ ವಾದ.

ನಾನಿರುವುದು ಶಿವಮೊಗ್ಗದಲ್ಲಿ. ಸಾಗರದ ಕಡೆಯ ತೋಟಕ್ಕೆ ಹೋಗುವುದು ಎರಡು ವಾರಕ್ಕೊಮ್ಮೆ. ರಾತ್ರಿ ಕಾದು ಕೂರುವುದು ಆಗದ ಮಾತು. ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಟ್ರೇಲ್ ಕ್ಯಾಮೆರಾ ರೆಡಿಮೇಡ್ ಸಿಗುತ್ತದೆ, ನಿಜ. ಆದರೆ ಮನೆಯಲ್ಲಿ ಬೆಸುಗೆ ಕಡ್ಡಿ ಇದೆ, ಭಾನುವಾರಗಳಿವೆ, ಹುಚ್ಚೂ ಇದೆ.

ತರಿಸಿದ್ದು ಇಷ್ಟು: ಇಎಸ್‌ಪಿ32-ಕ್ಯಾಮ್ ಎಂಬ ಕ್ಯಾಮೆರಾ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್, ಎದುರು ಏನಾದರೂ ಹಾದರೆ ಸಿಗ್ನಲ್ ಕೊಡುವ ಎಚ್‌ಸಿ-ಎಸ್‌ಆರ್501 ಎಂಬ ಪಿಐಆರ್ ಸೆನ್ಸರ್, ಎರಡು 18650 ಲಿಥಿಯಂ ಬ್ಯಾಟರಿ, ಅದರ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವ ಪುಟ್ಟ ಬೂಸ್ಟ್ ಬೋರ್ಡ್, ಒಂದು ಮೆಮೊರಿ ಕಾರ್ಡ್. ಕ್ಯಾಮೆರಾ 2 ಮೆಗಾಪಿಕ್ಸೆಲ್‌ನದು. ಗೋಡೆಗೆ ಹಾಕುವ ಫೋಟೊ ಬರುವುದಿಲ್ಲ. ಹಂದಿಯೋ ಮುಳ್ಳುಹಂದಿಯೋ ಗೊತ್ತಾದರೆ ಸಾಕು.

ನವೆಂಬರ್ 16

ಬೋರ್ಡಿಗೆ ಯುಎಸ್‌ಬಿ ಕಿಂಡಿಯೇ ಇಲ್ಲ. ಪ್ರೋಗ್ರಾಂ ಹಾಕಲು ಬೇರೆ ಒಂದು ಅಡಾಪ್ಟರ್ ಬೇಕು, ಜೊತೆಗೆ ಸೊನ್ನೆ ನಂಬರಿನ ಪಿನ್ನನ್ನು ಗ್ರೌಂಡಿಗೆ ತಾಗಿಸಿ ಹಿಡಿಯಬೇಕು. ಇದು ಗೊತ್ತಾಗಲು ಅರ್ಧ ಶನಿವಾರ ಹೋಯಿತು.

ಆಮೇಲೆ ಶುರುವಾಯಿತು ಇನ್ನೊಂದು ಕಾಟ. ಫೋಟೊ ತೆಗೆಯುವ ಹೊತ್ತಿಗೆ ಸರಿಯಾಗಿ ಬೋರ್ಡ್ ಸತ್ತು ಮತ್ತೆ ಹುಟ್ಟುತ್ತಿತ್ತು. ಕ್ಯಾಮೆರಾ ಎದ್ದ ಕ್ಷಣ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ನಾನು ಹಾಕಿದ್ದು ಕೂದಲಿನಂಥ ತಂತಿ, ವೋಲ್ಟೇಜ್ ಕುಸಿಯುತ್ತಿತ್ತು. ದಪ್ಪ ತಂತಿ ಹಾಕಿ, 5 ವೋಲ್ಟ್ ಪಿನ್ನಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದೆ. ಕಾಟ ನಿಂತಿತು.

ಬೋರ್ಡಿನ ಬಿಳಿ ಫ್ಲ್ಯಾಶ್ ದೀಪದ್ದೂ ಒಂದು ತಮಾಷೆ. ದೀಪ ಮತ್ತು ಮೆಮೊರಿ ಕಾರ್ಡ್ ಎರಡಕ್ಕೂ ಒಂದೇ ಪಿನ್, ನಾಲ್ಕನೆಯದು. ಕಾರ್ಡಿಗೆ ಬರೆದಾಗಲೆಲ್ಲ ಫಳ್ ಎಂದು ಬೆಳಕು. ಕತ್ತಲಲ್ಲಿ ಬಂದ ಪ್ರಾಣಿ ಮತ್ತೆ ಆ ದಾರಿ ಹಿಡಿಯುತ್ತಾ? ಕಾರ್ಡನ್ನು ಒಂದೇ ಬಿಟ್‌ನ ಮೋಡ್‌ಗೆ (ಒಂದೇ ತಂತಿಯಲ್ಲಿ ಮಾಹಿತಿ ಸಾಗುವ ರೀತಿಗೆ) ಹಾಕಿದರೆ ಆ ಪಿನ್ ಬಿಡುವಾಗುತ್ತದೆ, ದೀಪ ತೆಪ್ಪಗಿರುತ್ತದೆ.

ನವೆಂಬರ್ 30

ಮೊದಲ ಡಬ್ಬಿ ತೋಟಕ್ಕೆ ಹೋಯಿತು. ಕರೆಂಟಿನವರು ಹೊರಗಡೆ ಹಾಕುವ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್. ಮುಂದೆ ದೊಡ್ಡ ತೂತು ಕೊರೆದು ಗಾಜು ಅಂಟಿಸಿದೆ. ಅದರ ಹಿಂದೆ ಕ್ಯಾಮೆರಾ, ಪಕ್ಕದಲ್ಲೇ ಪಿಐಆರ್. ನೋಡಲು ಭಾರಿ ಚಂದ ಕಾಣುತ್ತಿತ್ತು.

ಮೂರು ದಿನ, ಒಂದು ಫೋಟೊ ಇಲ್ಲ. ಅತ್ತಿಗೆ ಡಬ್ಬಿಯ ಮುಂದೆ ನಿಂತು ಕೈ ಬೀಸಿ, ಕುಣಿದು ನೋಡಿದರಂತೆ. ಅದೂ ಇಲ್ಲ.

ತಪ್ಪು ನನ್ನದೇ. ಪಿಐಆರ್ ನೋಡುವುದು ಬೆಳಕನ್ನಲ್ಲ, ಮೈಯ ಶಾಖವನ್ನು. ನಮಗೆ ಆರಪಾರ ಕಾಣುವ ಗಾಜು ಆ ಶಾಖದ ಅಲೆಗಳಿಗೆ ಗೋಡೆ ಇದ್ದ ಹಾಗೆ. ಸೆನ್ಸರಿನ ಮೇಲಿರುವ ಹಾಲುಬಣ್ಣದ ಬುರುಡೆ ಬೇರೆ ಜಾತಿಯ ಪ್ಲಾಸ್ಟಿಕ್, ಶಾಖವನ್ನು ಒಳಗೆ ಬಿಡುತ್ತದೆ. ಅದಕ್ಕೇ ಅದು ಹಾಗಿರುವುದು. ಈಗ ಬುರುಡೆಯನ್ನು ತೂತಿನಿಂದ ಹೊರಗೆ ಇಣುಕಿಸಿ ಸುತ್ತ ಸಿಲಿಕೋನ್ ಹಚ್ಚಿದ್ದೇನೆ. ಹಚ್ಚುವವರಿಗೊಂದು ಮಾತು: ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಅದರ ಹುಳಿ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತನ್ನಿ.

ಡಿಸೆಂಬರ್ 14

ಈ ಸಲ ಫೋಟೊಗಳಿಗೆ ಬರವಿಲ್ಲ. 412 ಬಂದಿವೆ. 400ರಲ್ಲಿ ಜರಿಗಿಡ ಅಲ್ಲಾಡುತ್ತಿದೆ.

ಪಿಐಆರ್ ಒಳಗೆ ಎರಡು ಪುಟ್ಟ ಪಟ್ಟಿಗಳಿವೆ. ಎರಡಕ್ಕೂ ಒಂದೇ ಸಮ ಶಾಖ ಬಿದ್ದರೆ ಅದು ಸುಮ್ಮನಿರುತ್ತದೆ. ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆಯಾದ ಕೂಡಲೇ ಸಿಗ್ನಲ್ ಕೊಡುತ್ತದೆ. ಬಿಸಿಲಿಗೆ ಕಾದ ಎಲೆ ಗಾಳಿಗೆ ತೂಗಿದರೂ ಅದಕ್ಕೆ ಪ್ರಾಣಿಯೇ. ಇದೇ ಕಾರಣಕ್ಕೆ ಅಡ್ಡ ಹಾಯುವ ಪ್ರಾಣಿ ಬೇಗ ಸಿಗುತ್ತದೆ, ನೇರ ಎದುರಿಗೆ ಬರುವುದು ತಡವಾಗಿ ಸಿಗುತ್ತದೆ. ಸುಡುವ ಮಧ್ಯಾಹ್ನ ನೆಲದ ಬಿಸಿಯೂ ಮೈ ಬಿಸಿಯೂ ಹತ್ತಿರ ಹತ್ತಿರ ಬಂದಾಗ ಪಿಐಆರ್ ಪೂರ್ತಿ ಮಂಕಾಗುತ್ತದೆ.

ಡಬ್ಬಿಯನ್ನು ಉತ್ತರಕ್ಕೆ ತಿರುಗಿಸಿದೆ. ಎದುರಿನ ಜರಿ ಸವರಿದೆ. ಸೆನ್ಸರಿನಲ್ಲಿ ಎರಡು ತಿರುಪುಗಳಿವೆ. ದೂರದ್ದನ್ನು ನಡುವಿಗೆ ಇಟ್ಟೆ, ಹೊತ್ತಿನದನ್ನು ಪೂರ್ತಿ ಕಡಿಮೆ ಮಾಡಿದೆ. ವೈಫೈ ಆಫ್ ಮಾಡಿದ್ದೇ ದೊಡ್ಡ ಉಪಕಾರ. ಬೋರ್ಡಿನ ವೈಫೈ ಅಲೆಗೇ ಪಕ್ಕದ ಪಿಐಆರ್ ಬೆಚ್ಚಿಬೀಳುತ್ತಿತ್ತು. ತಾನೇ ಕೂಗಿ ತಾನೇ ಹೆದರಿದ ಹಾಗೆ.

ಉಳಿದ ಹನ್ನೆರಡರಲ್ಲಿ ಏಳು ನಮ್ಮ ನಾಯಿ. ಐದು ಬಾಲ. ಬರೀ ಬಾಲ. ಒಂದು ಕೀರದ್ದು (ಮುಂಗುಸಿ), ಒಂದು ಬೆಕ್ಕಿನ ಜಾತಿಯ ಯಾವುದೋ, ಉಳಿದವು ದೇವರಿಗೇ ಗೊತ್ತು.

ಡಿಸೆಂಬರ್ 28

ಬಾಲದ ಲೆಕ್ಕ ಮಾಡಿದೆ. ಬೋರ್ಡ್ ನಿದ್ದೆಯಲ್ಲಿರುತ್ತದೆ. ಪಿಐಆರ್ ತಟ್ಟಿದಾಗ ಏಳಬೇಕು, ಕ್ಯಾಮೆರಾ ಎಬ್ಬಿಸಬೇಕು, ಬೆಳಕು ಹೊಂದಿಕೊಳ್ಳದ ಮೊದಲ ಒಂದೆರಡು ಫ್ರೇಮನ್ನು ಎಸೆಯಬೇಕು. ಎಲ್ಲ ಸೇರಿ ನನ್ನ ಡಬ್ಬಿಗೆ ಹತ್ತಿರ ಹತ್ತಿರ 2 ಸೆಕೆಂಡ್ ಬೇಕು. ಸೆಕೆಂಡಿಗೆ 1 ಮೀಟರ್ ನಡೆಯುವ ಪ್ರಾಣಿ ಅಷ್ಟರಲ್ಲಿ 2 ಮೀಟರ್ ಮುಂದೆ ಹೋಗಿರುತ್ತದೆ. 3 ಮೀಟರ್ ದೂರದಲ್ಲಿ ನನ್ನ ಲೆನ್ಸಿಗೆ ಕಾಣುವ ಅಗಲ 4 ಮೀಟರ್ ಕೂಡ ಇಲ್ಲ. ನಟ್ಟನಡುವೆ ಸಿಕ್ಕಿಬಿದ್ದರೂ ಅಂಚಿಗೆ ಹೋಗುವ ಹೊತ್ತಿಗೆ ಉಳಿಯುವುದು ಬಾಲವೇ. ಅಂಗಡಿಯ ಒಳ್ಳೆಯ ಟ್ರೇಲ್ ಕ್ಯಾಮೆರಾಗಳಿಗೆ ಅರ್ಧ ಸೆಕೆಂಡೂ ಬೇಡ. ದುಡ್ಡು ಕೊಡುವುದು ಆ ಅರ್ಧ ಸೆಕೆಂಡಿಗೇ.

ನಿದ್ದೆ ಮಾಡಿಸದೆ ಇಟ್ಟರೆ? ಬ್ಯಾಟರಿ ಒಂದೆರಡು ದಿನಕ್ಕೇ ಕೈ ಎತ್ತುತ್ತದೆ. ನಿದ್ದೆಯಲ್ಲೂ ಈ ಬೋರ್ಡ್ 6 ಮಿಲಿಆಂಪ್ ಕುಡಿಯುತ್ತದೆ. ಎರಡು ಬ್ಯಾಟರಿಗೆ ಕಾಗದದ ಮೇಲೆ 20 ದಿನದ ಮೇಲೆ ಬರಬೇಕು. ನನಗೆ ಬಂದದ್ದು 13. ಜರಿಗಿಡದ 400 ಫೋಟೊ ಪುಕ್ಕಟೆ ಬಂದಿಲ್ಲ ಅಲ್ವಾ?

ಹಳಬರಿಗೆ ಈ ತಲೆನೋವೇ ಇರಲಿಲ್ಲ. 1920ರ ದಶಕದಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯೂ. ಚಾಂಪಿಯನ್ ಉತ್ತರ ಭಾರತದ ಕಾಡುಗಳಲ್ಲಿ ದಾರಿಗೆ ಅಡ್ಡ ತಂತಿ ಕಟ್ಟಿ ಹುಲಿಯ ಫೋಟೊ ತೆಗೆದರು. ಹುಲಿಯ ಕಾಲು ತಂತಿಗೆ ತಾಗಿದಾಗಲೇ ಫ್ಲ್ಯಾಶ್. ಪ್ರಾಣಿ ಎಲ್ಲಿರುತ್ತದೆ ಎಂದು ಮೊದಲೇ ಗೊತ್ತು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ್ ಕಾರಂತರು 1990ರ ದಶಕದಲ್ಲಿ ಹುಲಿ ಎಣಿಸಲು ಕ್ಯಾಮೆರಾಗಳನ್ನು ದಾರಿಯ ಎರಡೂ ಬದಿ ಇಟ್ಟರು. ಹುಲಿಯ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ. ಎರಡೂ ಸಿಕ್ಕರೆ ಮುಂದೆ ಯಾವ ಬದಿಯ ಫೋಟೊ ಬಂದರೂ ಇದೇ ಹುಲಿ ಎನ್ನಬಹುದು. 2018ರ ಹುಲಿ ಗಣತಿಯ ಹೊತ್ತಿಗೆ ದೇಶದಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಸುಮಾರು 3.5 ಕೋಟಿ ಚಿತ್ರ ತೆಗೆದಿದ್ದರು. ಅವುಗಳಲ್ಲಿ ಹುಲಿ ಇದ್ದದ್ದು 76,651. ಓದಿ ಸಮಾಧಾನವಾಯಿತು. ಜರಿಗಿಡ ಎಲ್ಲರಿಗೂ ಸಿಗುತ್ತದೆ.

ಜನವರಿ 11

ಡಬ್ಬಿಯನ್ನು ದಾರಿಗೆ ನೇರ ಅಡ್ಡ ಇಡದೆ ಓರೆಯಾಗಿ ತಿರುಗಿಸಿದೆ. ದಾರಿಯ ಉದ್ದ ಹೆಚ್ಚು ಕಾಣುತ್ತದೆ, ಪ್ರಾಣಿ ಹೆಚ್ಚು ಹೊತ್ತು ಚೌಕಟ್ಟಿನಲ್ಲಿರುತ್ತದೆ. ಈಗ ಹೊಟ್ಟೆಯವರೆಗೆ ಬರುತ್ತಿದೆ. ಪ್ರಗತಿ.

ರಾತ್ರಿಯ ಕೆಲಸವೂ ಮುಗಿಯಿತು. ಲೆನ್ಸಿನ ಹಿಂದೆ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ತಡೆಯುವ ಗಾಜಿನ ಚೂರೊಂದಿದೆ, ಅಕ್ಕಿಕಾಳಿಗಿಂತ ಚೂರು ದೊಡ್ಡದು. ಲೆನ್ಸಿನ ಅಂಟು ಬಿಡಿಸಿ, ತಿರುಗಿಸಿ ತೆಗೆದು, ಅದನ್ನು ಕಿತ್ತು ಹಾಕಬೇಕು. ಮೊದಲ ಕ್ಯಾಮೆರಾ ಇಕ್ಕಳದ ಬಾಯಲ್ಲಿ ಮುರಿಯಿತು. ಎರಡನೆಯದು ಬಂತು. ಈಗ ಹಗಲಿನ ಫೋಟೊದಲ್ಲಿ ತೋಟವೆಲ್ಲ ಗುಲಾಬಿ. ಅತ್ತಿಗೆ ನೋಡಿ, "ಇದೆಂತ, ತೋಟಕ್ಕೆ ಮದುವೆಯಾ?" ಎಂದರು.

ಬೆಳಕಿಗೆ 850 ನ್ಯಾನೋಮೀಟರಿನ ಆರು ಇನ್‌ಫ್ರಾರೆಡ್ ಎಲ್‌ಇಡಿ. ಹತ್ತಿರ ಹೋದರೆ ಕೆಂಡದ ಹಾಗೆ ಮಂದವಾಗಿ ಕಾಣುತ್ತವೆ. 940ರದ್ದು ಹಾಕಿದರೆ ಅದೂ ಕಾಣುವುದಿಲ್ಲ, ಆದರೆ ಈ ಕ್ಯಾಮೆರಾಕ್ಕೆ ಅಲ್ಲಿ ದೃಷ್ಟಿ ಕಡಿಮೆ. ಎಲ್‌ಇಡಿ ಉರಿಸುವ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚನ್ನು 12ನೇ ಪಿನ್ನಿಗೆ ಕೊಟ್ಟೆ. ಬೋರ್ಡ್ ಏಳುವಾಗ ಆ ಪಿನ್ನಿನಲ್ಲಿ ವೋಲ್ಟೇಜ್ ಇದ್ದರೆ ಬೋರ್ಡ್ ಏಳುವುದೇ ಇಲ್ಲ. ಗ್ರೌಂಡಿಗೆ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕದೆ ಬಿಡಬೇಡಿ.

ಫೆಬ್ರವರಿ 8

ಮುಸ್ಯಗಳು (ಕಪ್ಪು ಮುಖದ ಕೋತಿಗಳು) ಡಬ್ಬಿ ಕಿತ್ತಿವೆ. ಕಿತ್ತ ಮುಸ್ಯದ ಅಂಗೈ ಕೊನೆಯ ಫೋಟೊದಲ್ಲಿದೆ. ಹಸ್ತಸಾಮುದ್ರಿಕ ಗೊತ್ತಿದ್ದವರು ನೋಡಬಹುದು.

ಈಗ ತಂತಿ ಎಲ್ಲ ಒಳಗೆ, ಕಟ್ಟಿದ್ದು ಗೇಟಿನ ಸರಪಳಿಯಲ್ಲಿ. ಒಳಗೆ ಇರುವೆ ಗೂಡು ಕಟ್ಟಿತ್ತು, ಅದನ್ನೂ ಕೊಡವಿ ಸಂದಿ ಮುಚ್ಚಿದೆ.

ಮಾರ್ಚ್ 15

ಓರೆ ಇಟ್ಟರೂ, ಎತ್ತರ ಇಳಿಸಿದರೂ ಮುಖ ಸಿಗುತ್ತಿಲ್ಲ. ಸಾಫ್ಟ್‌ವೇರಿನಲ್ಲಿ ಇನ್ನೊಂದು ಕಾಲು ಸೆಕೆಂಡ್ ಉಳಿಸಲು ಎರಡು ವಾರ ಕೂತೆ. ಸೆನ್ಸರ್ ಬೇರೆ ಮಾಡಿ ದಾರಿಯಲ್ಲಿ 2 ಮೀಟರ್ ಹಿಂದೆ ಇಡೋಣ ಅಂದುಕೊಂಡೆ. ಆದರೆ ಪ್ರಾಣಿ ಇದೇ ಕಡೆಯಿಂದ ಬರಬೇಕು ಎಂದು ಬರೆದುಕೊಟ್ಟಿಲ್ಲವಲ್ಲ.

ಊಟದ ಹೊತ್ತಿಗೆ ಇದನ್ನೆಲ್ಲ ಅಪ್ಪಯ್ಯನಿಗೆ ವಿವರಿಸುತ್ತಿದ್ದೆ. ಅವರು ಮಜ್ಜಿಗೆ ಕಲಸಿಕೊಳ್ಳುತ್ತಾ ಕೇಳಿದರು, "ಅಲ್ದಾ ತಮಾ, ಅದು ಓಡಾಡುವ ಕಡೆ ಎಂತಕ್ಕೆ ಇಡ್ತೆ? ನಿಲ್ಲುವ ಕಡೆ ಇಡು."

ನಾಲ್ಕು ತಿಂಗಳು ನಾನು ಕ್ಯಾಮೆರಾವನ್ನು ಬೇಗ ಎಬ್ಬಿಸಲು ಹೆಣಗಿದ್ದೆ. ಪ್ರಾಣಿಯನ್ನು ತಡ ಮಾಡಿಸಬಹುದು ಎಂದು ಹೊಳೆದಿರಲೇ ಇಲ್ಲ.

ಊಟ ಮುಗಿಸಿ ಅಪ್ಪಯ್ಯನ ಹಿಂದೆ ಹೋದೆ. ತೋಟದ ಕೆಳಗೆ, ಬ್ಯಾಣದ (ಹುಲ್ಲುಗಾವಲಿನ) ಕಡೆಯಿಂದ ಬರುವ ಸಣ್ಣ ಹಳ್ಳ ಬೇಸಿಗೆಗೆ ಬತ್ತಿದೆ. ಒಂದು ಬಂಡೆಯ ಬುಡದಲ್ಲಿ ಮಾತ್ರ ಬಕೆಟ್ಟಿನಷ್ಟು ನೀರು. ಸುತ್ತ ಕೆಸರಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ. ಅಪ್ಪಯ್ಯ ಕೋಲಿನ ತುದಿಯಲ್ಲಿ ಒಂದೊಂದನ್ನೇ ತೋರಿಸಿದರು. ಇದು ಕಾಡುಕುರಿ (ಬೊಗಳುವ ಜಿಂಕೆ), ಇದು ಹಂದಿ, ಇದು ನಮ್ಮ ನಾಯಿ. ಡಬ್ಬಿಯನ್ನು ಮೊಣಕಾಲೆತ್ತರಕ್ಕೆ, ನೀರಿನಿಂದ ಎರಡೂವರೆ ಮೀಟರ್ ದೂರದ ಮರಕ್ಕೆ ಕಟ್ಟಿದೆವು. ತಿಂಡಿ ಹಾಕಿ ಕರೆಯುವ ಉಪಾಯವನ್ನು ನಾನು ಮೊದಲೇ ಬಿಟ್ಟಿದ್ದೆ. ಹಂದಿಯನ್ನು ತೋಟಕ್ಕೆ ಆಮಂತ್ರಿಸಿ ಯಾರು ಬಂದಿರಿ ಎಂದು ಕೇಳುವುದು ನ್ಯಾಯವಲ್ಲ.

ಹಳ್ಳದ ಆಚೆ ಕಾಡು. ಅಲ್ಲಿ ಇಡಲು ಇಲಾಖೆಯ ಅನುಮತಿ ಬೇಕು, ನಾನು ಆ ಗೊಡವೆಗೆ ಹೋಗಿಲ್ಲ. ಸೌದೆ ತರುವ ಹೆಂಗಸರು ಹಾಯುವ ಕಾಲುದಾರಿಯೂ ಚೌಕಟ್ಟಿಗೆ ಬೀಳದ ಹಾಗೆ ನೋಡಿಕೊಂಡೆ. ತಪ್ಪಿ ಯಾರಾದರೂ ಬಂದರೆ ಅತ್ತಿಗೆ ಕಾರ್ಡ್ ತೆಗೆದ ಕೂಡಲೇ ಅಳಿಸುತ್ತಾರೆ.

ಮಾರ್ಚ್ 29

ಮುಖ!

ಮುಳ್ಳುಹಂದಿ, ಎದುರಿಂದ. ನೀರಿಗೆ ಮೂತಿ ಇಟ್ಟಿದೆ. ಇನ್‌ಫ್ರಾರೆಡ್ ಬೆಳಕಿಗೆ ಮುಳ್ಳಿನ ಬಿಳಿ ಪಟ್ಟೆಗಳು ಕೊಡೆಯ ಕಡ್ಡಿಯ ಹಾಗೆ ಹೊಳೆಯುತ್ತಿವೆ. ಮುಂದಿನ ಚಿತ್ರದಲ್ಲಿ ಹಿಂದೆ ಇನ್ನೊಂದಿದೆ. ಅದಾದ ಮೇಲೆ ಕಾಡುಕೋಳಿ, ಒಂದು ಪುನುಗು ಬೆಕ್ಕು, ಎರಡು ಸಲ ಕಾಡುಕುರಿ. ಆಮೇಲೆ ಮೊಲದಷ್ಟೇ ಇರುವ, ಮೈಮೇಲೆ ಬಿಳಿ ಚುಕ್ಕೆಯ ಬರ್ಕ (ಮೌಸ್ ಡಿಯರ್). ಅಪ್ಪಯ್ಯ ಅದನ್ನು ನೋಡಿ ಎಷ್ಟೋ ವರ್ಷವಾಗಿತ್ತಂತೆ. ಲ್ಯಾಪ್‌ಟಾಪಿನ ಮುಂದೆ ಕೂತವರು ಅಡಿಕೆ ಬಾಯಿಗೆ ಹಾಕುವುದನ್ನೇ ಮರೆತರು. ಎರಡೇ ಸೆಕೆಂಡಿನ ತಡ ಈಗಲೂ ಇದೆ. ನೀರು ಕುಡಿಯುವವರಿಗೆ ಅದು ಲೆಕ್ಕಕ್ಕೇ ಇಲ್ಲ.

ಒಂದು ಎಡವಟ್ಟು. ಎಲ್ಲ ಫೈಲುಗಳ ತಾರೀಕು 1980ರ ಜನವರಿಯದು. ಬೋರ್ಡಿಗೆ ಗಡಿಯಾರದ ಬ್ಯಾಟರಿ ಇಲ್ಲ, ಬ್ಯಾಟರಿ ಬದಲಿಸಿದಾಗಲೆಲ್ಲ ಅದು ಅಲ್ಲಿಂದಲೇ ಎಣಿಸಲು ಶುರು ಮಾಡುತ್ತದೆ. ಅಪ್ಪಯ್ಯನ ಮದುವೆಗೂ ಮೊದಲೇ ಈ ಮುಳ್ಳುಹಂದಿ ತೋಟಕ್ಕೆ ಬಂದಿದೆ ಎಂದಾಯಿತು. ಡಿಎಸ್3231 ಗಡಿಯಾರ ತರಿಸಿದ್ದೇನೆ.

ಏಪ್ರಿಲ್ 12

ಗೆದ್ದೆ ಎಂದು ಅಪ್ಪಯ್ಯ ಕೊನೆಗೌಡರಿಗೆ ಫೋನ್ ಮಾಡಿಸಿದರು. ಅವರು ಪೂರ್ತಿ ಕೇಳಿಸಿಕೊಂಡು, "ಅದು ನೀರು ಕುಡಿದಿದ್ದು ಅಲ್ವಾ ಹೆಗಡೇರೆ? ಸಸಿ ತಿಂದಿದ್ದು ಎಲ್ಲಿ?" ಎಂದರು. ಅಪ್ಪಯ್ಯ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ನನ್ನ ಬಳಿಯೂ ಉತ್ತರ ಇರಲಿಲ್ಲ.

ಜೂನ್ 7

ಮಳೆ ಹಿಡಿದಿದೆ. ಹೋದ ಸಸಿಗಳ ಗುಂಡಿಗೆ ಹೊಸದು ನೆಟ್ಟಾಯಿತು. ಹಳ್ಳದ ಡಬ್ಬಿಯನ್ನು ಮೇಲೆ ತಂದಿದ್ದೇನೆ. ಗಾಜಿನ ಒಳಗೆ ಮಂಜು ಕಟ್ಟುತ್ತಿತ್ತು. ಚಪ್ಪಲಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಒಟ್ಟು ಮಾಡಿ ಒಳಗೆ ತುರುಕಿದೆ. ಮೇಲಿಂದ ಅಡಿಕೆ ಹಾಳೆಯ ಒಂದು ಮಾಡು. ಹನಿ ಗಾಜಿಗೆ ಬೀಳುವುದಿಲ್ಲ, ದೂರದಿಂದ ಡಬ್ಬಿ ಇದೆ ಎಂದೂ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟು ತಂದ ಯಾವುದಕ್ಕೂ ಹೀಗೆ ಕೆಲಸ ಮಾಡುವ ಯೋಗ್ಯತೆ ಇರಲಿಲ್ಲ.

ಗಡಿಯಾರದ ಎರಡು ತಂತಿಗೆ ಪಿನ್ ಹುಡುಕುವುದೇ ಕಷ್ಟವಾಯಿತು. ಸೀರಿಯಲ್ ಪಿನ್ನುಗಳಾದ 1 ಮತ್ತು 3ಕ್ಕೆ ಕೊಟ್ಟೆ. ಇನ್ನು ಬೋರ್ಡ್ ಏನು ಗೊಣಗಿದರೂ ಕಂಪ್ಯೂಟರಿಗೆ ಕೇಳುವುದಿಲ್ಲ. ತಾರೀಕು ಮಾತ್ರ ಸರಿ ಬರುತ್ತಿದೆ.

ಸಸಿ ತಿನ್ನಲು ಬಂದವನೂ ನಿಂತೇ ತಿನ್ನಬೇಕು. ಎರಡು ಸೆಕೆಂಡಿಗಿಂತ ಜಾಸ್ತಿ. ಡಬ್ಬಿಯನ್ನು ಸಸಿ ಸಾಲಿನ ಕೊನೆಯ ಅಡಿಕೆ ಮರಕ್ಕೆ ಕಟ್ಟಿ, ಕಾಲಿನ ಉಂಬಳ (ಜಿಗಣೆ) ಕೀಳುತ್ತಾ ಮನೆಗೆ ಬಂದೆ. ಕಾರ್ಡ್ ತೆಗೆಯುವುದು 21ಕ್ಕೆ. ಕೊನೆಗೌಡರು ಆ ದಿನ ನಮ್ಮ ಕಡೆ ಬರುತ್ತಾರಂತೆ, ಬೇರೆ ಏನೋ ಕೆಲಸ ಇದೆಯಂತೆ.