ಅಡ್ಡ ನಿಲ್ಲೋದಕ್ಕೂ ಸಂಬಳ ಕೊಡ್ತಾರಾ?

“ಈ ಐದನೇ ನಂಬರಿನವನನ್ನ ಯಾಕ್ರೀ ಇಟ್ಕೊಂಡಿದಾರೆ? ಅಷ್ಟುದ್ದ ಇದಾನೆ, ಒಂದು ಶಾಟ್ ಹೊಡೆಯಲ್ಲ. ಬರೀ ಅಡ್ಡ ನಿಂತ್ಕೋತಾನೆ.”

“ಅಡ್ಡ ನಿಲ್ಲೋದೇ ಅವನ ಕೆಲಸ.”

“ಅಡ್ಡ ನಿಲ್ಲೋದಕ್ಕೂ ಸಂಬಳ ಕೊಡ್ತಾರಾ?”

ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡುತ್ತಾ ನಡೆದ ಮಾತು ಇಷ್ಟೇ. ಆಮೇಲೆ ಎಲ್ಲರೂ ಊಟ ಮಾಡಿದರು, ಬಿಸಿಬೇಳೆಬಾತ್ ಚೆನ್ನಾಗಿದೆ ಅಂದರು, ಹೊರಟರು. ಆ ಕೊನೆಯ ಪ್ರಶ್ನೆ ಮಾತ್ರ ವಾರವಿಡೀ ನನ್ನ ಕಿವಿ ಬಿಟ್ಟು ಹೋಗಿಲ್ಲ. ಕೇಳಿದವರು ಮಗನ ಗೆಳೆಯನ ಅಪ್ಪ. ಒಳ್ಳೆಯವರು, ಕಷ್ಟ ಅಂದರೆ ರಾತ್ರಿ ಎರಡು ಗಂಟೆಗೂ ಕಾರು ತೆಗೆದುಕೊಂಡು ಬರುವವರು. ಆದರೆ ಮಕ್ಕಳ ಮಾರ್ಕ್ಸ್ ಇರಲಿ, ಮನೆಯ ಬೆಲೆ ಇರಲಿ, ಕೊನೆಗೆ ಬರುವ ಅಂಕಿ ಎಷ್ಟು ಅನ್ನುವುದೊಂದೇ ಅವರಿಗೆ ಬೇಕು. ಅದು ಅವರೊಬ್ಬರ ದೋಷ ಅಲ್ಲ, ಈ ಊರಿನ ಗಾಳಿಯೇ ಹಾಗಿದೆ.

ನನಗೆ ಸಂಕಟವಾದದ್ದು ಬೇರೆ ಕಾರಣಕ್ಕೆ. ಅವರ ಮಗ ಕೆಳಗೆ ಕಾರ್ಪೆಟ್ ಮೇಲೆ ಕೂತು ನೋಡುತ್ತಿದ್ದ. ಹದಿಮೂರು ವರ್ಷಕ್ಕೇ ಆರಡಿ ಹತ್ತಿರ ಬಂದಿದ್ದಾನೆ. ಶಾಲೆಯ ತಂಡದಲ್ಲಿ ಅವನೇ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ. ಅಪ್ಪ ಹೀಗೆ ಅಂದಾಗ ಹುಡುಗ ತಿರುಗಿ ನೋಡಲಿಲ್ಲ, ಏನೂ ಹೇಳಲಿಲ್ಲ. ಮಡಿಸಿ ಕೂತಿದ್ದ ಉದ್ದ ಕಾಲುಗಳನ್ನು ಇನ್ನಷ್ಟು ಒಳಗೆ ಎಳೆದುಕೊಂಡ.

ಹುಡುಗರು ಹಟ ಮಾಡಿ ಹಾಕಿಸಿದ್ದು ಹಳೆಯ ಪಂದ್ಯ. 2023ರ ಏಪ್ರಿಲ್ 30, ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ನಮ್ಮ ಗೋಲ್ಡನ್ ಸ್ಟೇಟ್ ವಾರಿಯರ್ಸ್ ನಡುವಿನ ಸರಣಿಯನ್ನು ತೀರ್ಮಾನಿಸುವ ಏಳನೇ ಪಂದ್ಯ. ನಮ್ಮ ಸ್ಟೆಫ್ ಕರ್ರಿ 50 ಪಾಯಿಂಟ್ ಹೊಡೆದ ರಾತ್ರಿ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಅಲ್ಲಿಯವರೆಗೆ ಯಾರೂ ಏಳನೇ ಪಂದ್ಯದಲ್ಲಿ 50 ಹೊಡೆದಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ನಮ್ಮ ಬೇ ಏರಿಯಾದ ಮಕ್ಕಳಿಗೆ ಅದು ಬಾಯಿಪಾಠ. ಅದೇ ರಾತ್ರಿ ಐದನೇ ನಂಬರಿನ ಕೆವಾನ್ ಲೂನಿ 21 ರಿಬೌಂಡ್, ಅಂದರೆ ರಿಂಗಿಗೆ ಬೀಳದೆ ಪುಟಿದು ಬಂದ ಚೆಂಡು, ಹಿಡಿದ. ಅದರಲ್ಲಿ 10 ನಮ್ಮವರೇ ಹೊಡೆದು ತಪ್ಪಿದ ಚೆಂಡುಗಳು. ಅಂದರೆ ಕೈತಪ್ಪಿ ಹೋಗಬೇಕಾಗಿದ್ದ ಚೆಂಡು 10 ಸಲ ವಾಪಸು ಬಂತು, ಕರ್ರಿಗೂ ಮಿಕ್ಕವರಿಗೂ ಇನ್ನೊಂದು ಅವಕಾಶ ಸಿಕ್ಕಿತು. ಎದುರಿಗಿದ್ದವನು ಡೊಮಾಂಟಸ್ ಸಬೋನಿಸ್, ಆ ಸೀಸನ್ನಿನಲ್ಲಿ ಇಡೀ ಲೀಗಿಗೆ ರಿಬೌಂಡಿನಲ್ಲಿ ಮೊದಲಿಗ. ಅವನೆದುರು ಆರಡಿ ಒಂಬತ್ತಿಂಚಿನ ಲೂನಿ. ಸೆಂಟರ್‌ಗಳ ಲೆಕ್ಕದಲ್ಲಿ ಅದು ಕುಳ್ಳೇ. ಹೆಚ್ಚು ಮೇಲೆ ಹಾರುವವನೂ ಅಲ್ಲ, ಎರಡೂ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಆದವನು. ಹಾಗಿದ್ದೂ ಆ ಸೀಸನ್ ಮತ್ತು ಅದರ ಹಿಂದಿನ ಸೀಸನ್, ಎರಡರಲ್ಲೂ 82ಕ್ಕೆ 82 ಪಂದ್ಯ ಆಡಿದ. ಅರ್ಧ ಪಂದ್ಯಕ್ಕೆ ಎರಡು ಪಾಯಿಂಟ್ ಹಿಂದಿದ್ದ ತಂಡ ಕೊನೆಗೆ 120–100ರಿಂದ ಗೆದ್ದಿತು.

ಸಂಬಳದ ಪ್ರಶ್ನೆಗೂ ಉತ್ತರ ಇದೆ. ಆ ವರ್ಷ ಕರ್ರಿಗೆ 4 ಕೋಟಿ 80 ಲಕ್ಷ ಡಾಲರ್ ದಾಟಿತ್ತು. ಲೂನಿಗೆ ಅದರ ಆರನೇ ಒಂದು ಪಾಲೂ ಇರಲಿಲ್ಲ. ಕೊಡ್ತಾರೆ ರೀ, ಆದರೆ ಕಡಿಮೆ ಕೊಡ್ತಾರೆ.

ನಾನು ಇಷ್ಟು ಕೆರಳಿದ್ದೇಕೆ ಅಂತ ಗಂಡ ಕೇಳಿದರು. ಮೈಸೂರಿನಲ್ಲಿ ಅಂತರ ಕಾಲೇಜು ಪಂದ್ಯಗಳಲ್ಲಿ ನಾನು ಸೆಂಟರ್ ಆಡಿದವಳು. ಐದಡಿ ಹತ್ತಿಂಚು. ಬೀದಿಯಲ್ಲಿ ಲಂಬೂ ಅನ್ನುತ್ತಿದ್ದರು, ಮನೆಯಲ್ಲಿ ಇವಳಿಗೆ ಗಂಡು ಎಲ್ಲಿ ಹುಡುಕೋದು ಅನ್ನುತ್ತಿದ್ದರು. ಬೆನ್ನು ಬಗ್ಗಿಸದೆ ನೆಟ್ಟಗೆ ನಿಂತರೆ ಸಂತೋಷಪಡುತ್ತಿದ್ದ ಒಂದೇ ಜಾಗ ಆ ಸಿಮೆಂಟ್ ಕೋರ್ಟ್.

ಆ ಅಡ್ಡ ನಿಲ್ಲುವುದಕ್ಕೆ ಆಟದಲ್ಲಿ ಸ್ಕ್ರೀನ್ ಹಾಕುವುದು ಅನ್ನುತ್ತಾರೆ. ಹಾಗೆ ಹಾಕುವುದು ಅಂದರೆ ಏನು ಅನ್ನುವುದು ಹೊರಗೆ ಕೂತು ನೋಡುವವರಿಗೆ ಗೊತ್ತಾಗುವುದು ಕಷ್ಟ. ನಿಮ್ಮ ಗಾರ್ಡ್ ಚೆಂಡು ಪುಟಿಸುತ್ತಾ ಬರುತ್ತಾಳೆ, ಅವಳಿಗೆ ಅಂಟಿಕೊಂಡೇ ಎದುರು ತಂಡದವಳು ಬರುತ್ತಾಳೆ. ನೀವು ಓಡಿಹೋಗಿ ಆ ಹುಡುಗಿಯ ದಾರಿಯಲ್ಲಿ ಕಾಲಗಲಿಸಿ, ಎದೆಯ ಮುಂದೆ ಕೈ ಕಟ್ಟಿ ನಿಲ್ಲಬೇಕು. ನಿಂತ ಮೇಲೆ ಅಲ್ಲಾಡುವ ಹಾಗಿಲ್ಲ, ಅಲ್ಲಾಡಿದರೆ ಫೌಲ್ ನಿಮ್ಮದೇ. ಓಡಿಬಂದವಳ ಭುಜ ನಿಮ್ಮ ಪಕ್ಕೆಲುಬಿಗೆ ಬಡಿಯುತ್ತದೆ. ಬಡಿಯುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಗೊತ್ತಿದ್ದೇ ನಿಲ್ಲಬೇಕು. ನೋವು ನುಂಗಿಕೊಂಡು ತಿರುಗಿ ನೋಡುವಷ್ಟರಲ್ಲಿ ನಿಮ್ಮ ಗಾರ್ಡ್ ಬಿಡುವಾಗಿ ನಿಂತು ಶಾಟ್ ಹೊಡೆದಿರುತ್ತಾಳೆ, ಚಪ್ಪಾಳೆ ಬಿದ್ದಿರುತ್ತದೆ. ನೀವು ಆಗಲೇ ಆ ಕಡೆಯ ರಿಂಗಿನತ್ತ ಓಡುತ್ತಿರುತ್ತೀರಿ. ಅಲ್ಲಿ ಎದುರಾಳಿಗಳನ್ನು ತಡೆಯುವುದೂ ನಿಮ್ಮ ಪಾಲಿನದೇ.

ಬಾಕ್ಸ್ ಔಟ್ ಇದಕ್ಕಿಂತ ಮೂಕ ಕೆಲಸ. ಚೆಂಡು ಮೇಲಿರುವಾಗ ಚೆಂಡನ್ನೇ ನೋಡುವ ಆಸೆ ಬಿಟ್ಟು, ಎದುರಾಳಿಯನ್ನು ಬೆನ್ನಿಂದ ತಡೆದು ಹಿಂದಕ್ಕೆ ಒತ್ತಿ ಹಿಡಿಯುವುದು. ಚೆಂಡು ನಿಮ್ಮದೇ ತಂಡದ ಇನ್ನೊಬ್ಬರ ಕೈಗೆ ಬಿದ್ದರೆ ರಿಬೌಂಡ್ ಅವರ ಹೆಸರಿಗೆ ಬರೆಯುತ್ತಾರೆ. ಒಕ್ಲಹೋಮ ಸಿಟಿ ತಂಡದಲ್ಲಿ ನ್ಯೂಜಿಲೆಂಡಿನ ಸ್ಟೀವನ್ ಆಡಮ್ಸ್ ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಅವನು ಒತ್ತಿ ಹಿಡಿಯುತ್ತಿದ್ದ, ರಸೆಲ್ ವೆಸ್ಟ್‌ಬ್ರೂಕ್ ಚೆಂಡು ಹಿಡಿದು ಓಡುತ್ತಿದ್ದ. ಆಡಮ್ಸ್ ಅದಕ್ಕಾಗಿ ಮುಖ ಗಂಟು ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ನನಗೆ ಆ ಮನುಷ್ಯನ ಮೇಲೆ ಅಪಾರ ಗೌರವ.

ಒಂದು ಕಾಲದಲ್ಲಿ ಇಂಥವರನ್ನು ಕಂಡು ಲೀಗೇ ಹೆದರುತ್ತಿತ್ತು. ಮಿನಿಯಾಪೊಲಿಸ್ ಲೇಕರ್ಸ್‌ನ ಜಾರ್ಜ್ ಮೈಕನ್ ರಿಂಗಿನ ಹತ್ತಿರ ನಿಂತರೆ ತಡೆಯುವವರಿಲ್ಲ ಅಂತ 1951ರಲ್ಲಿ ರಿಂಗಿನ ಕೆಳಗಿನ, ದಾಳಿ ಮಾಡುವವರು ಹೆಚ್ಚು ಹೊತ್ತು ನಿಲ್ಲುವಂತಿಲ್ಲದ ಪಟ್ಟೆಯನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಿದರು. ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದದ್ದು 1962ರಲ್ಲಿ; ಎರಡು ವರ್ಷ ಕಳೆದ ಮೇಲೆ ಪಟ್ಟೆ 16 ಅಡಿ ಆಯಿತು. ಬಿಲ್ ರಸೆಲ್ 13 ಸೀಸನ್ನುಗಳಲ್ಲಿ ಬಾಸ್ಟನ್ನಿಗೆ 11 ಕಪ್ ತಂದುಕೊಟ್ಟ, ಮುಖ್ಯವಾಗಿ ಎದುರಾಳಿಯ ಶಾಟ್ ತಡೆದು. ಅವನು ಎಷ್ಟು ಶಾಟ್ ಬ್ಲಾಕ್ ಮಾಡಿದ ಅಂತ ಯಾರೂ ಹೇಳಲಾರರು, ಯಾಕೆಂದರೆ ಎನ್‌ಬಿಎ ಬ್ಲಾಕುಗಳನ್ನು ಬರೆದಿಡಲು ಶುರು ಮಾಡಿದ್ದೇ 1973–74ರಲ್ಲಿ. ಅಷ್ಟು ಹೊತ್ತಿಗೆ ರಸೆಲ್ ಆಟ ಬಿಟ್ಟು ವರ್ಷಗಳಾಗಿದ್ದವು. ಈ ಆಟ ಕಂಡ ಅತಿ ದೊಡ್ಡ ಕಾವಲುಗಾರನ ಕೆಲಸ ಲೆಕ್ಕಕ್ಕೇ ಸಿಕ್ಕಿಲ್ಲ. ಶನಿವಾರದಿಂದ ಇದೊಂದು ವಿಷಯ ನನ್ನನ್ನು ಬಹಳ ಕಾಡುತ್ತಿದೆ.

1979ರಲ್ಲಿ ಮೂರು ಪಾಯಿಂಟಿನ ಗೆರೆ ಬಂತು; ಅದರಾಚೆಯಿಂದ ಹಾಕಿದರೆ ಮೂರು, ಒಳಗಿಂದ ಹಾಕಿದರೆ ಎರಡು. ದೂರದಿಂದ ಹತ್ತಕ್ಕೆ ನಾಲ್ಕು ಹಾಕುವವನು ಹತ್ತಿರದಿಂದ ಹತ್ತಕ್ಕೆ ಆರು ಹಾಕುವವನಿಗೆ ಸಮ ಅನ್ನುವ ಗಣಿತ ತಂಡಗಳ ತಲೆಗೆ ಹತ್ತಲು ಮೂರು ದಶಕ ಬೇಕಾಯಿತು. ಹತ್ತಿದ ಮೇಲೆ ಎತ್ತರದವರ ಗ್ರಹಚಾರ ಕೆಟ್ಟಿತು. 2013ರಿಂದ, ಅಭಿಮಾನಿಗಳು ಮತ ಹಾಕುವ ಆಲ್-ಸ್ಟಾರ್ ಪಂದ್ಯದ ಮತಪಟ್ಟಿಯಲ್ಲಿ ಸೆಂಟರ್ ಅನ್ನುವ ಜಾಗವನ್ನೇ ತೆಗೆದರು. ನಮ್ಮ ವಾರಿಯರ್ಸ್ ಕೂಡ 2015ರ ಫೈನಲ್‌ನಲ್ಲಿ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಬೆಂಚಿನಲ್ಲಿ ಕೂರಿಸಿ, ಅವನಿಗಿಂತ ಕುಳ್ಳನಾದ ಇಗ್ವಡಾಲನನ್ನು ಇಳಿಸಿ ಗೆದ್ದರು. ಲೀಗಿಗೆಲ್ಲ ಕುಳ್ಳರ ತಂಡದ ಹುಚ್ಚು ಹಿಡಿಸಿದ್ದರಲ್ಲಿ ನಮ್ಮ ಪಾಲೂ ಇದೆ.

ಅದೇ ತಂಡ 2022ರಲ್ಲಿ ಮೆಂಫಿಸ್ ಎದುರು ಐದನೇ ಪಂದ್ಯವನ್ನು 134–95ರಿಂದ ಸೋತು ಬಂದಾಗ, ಆರನೇ ಪಂದ್ಯಕ್ಕೆ ಲೂನಿಯನ್ನು ಮೊದಲ ಐವರಲ್ಲಿ ಇಳಿಸಬೇಕು ಅಂತ ಕೇಳಿದವರು ಕರ್ರಿ ಮತ್ತು ಅವನ ಜೊತೆಯಾಟಗಾರ ಡ್ರೇಮಂಡ್ ಗ್ರೀನ್. ಕೋಚ್ ಸ್ಟೀವ್ ಕರ್ ಕೋವಿಡ್‌ನಿಂದ ಹೊರಗಿದ್ದರು, ತಂಡ ಸಹಾಯಕ ಕೋಚ್ ಮೈಕ್ ಬ್ರೌನ್ ಕೈಯಲ್ಲಿತ್ತು. ಲೂನಿ ಆ ರಾತ್ರಿ 22 ರಿಬೌಂಡ್ ಹಿಡಿದ, ತಂಡ ಗೆದ್ದಿತು, ಮುಂದೆ ಕಪ್ಪನ್ನೂ ಗೆದ್ದಿತು. ಮರುವರ್ಷ ಸ್ಯಾಕ್ರಮೆಂಟೊ ಬೆಂಚಿನಲ್ಲಿ ಕೋಚ್ ಆಗಿ ನಿಂತು ಅದೇ ಲೂನಿಯ 21 ರಿಬೌಂಡ್ ನೋಡಬೇಕಾಗಿ ಬಂದದ್ದೂ ಮೈಕ್ ಬ್ರೌನ್‌ಗೇ. ಯಾರು ಯಾಕೆ ಬೇಕು ಅನ್ನುವುದು ಅಂಗಳದ ಒಳಗಿರುವವರಿಗೆ ಗೊತ್ತಿರುತ್ತದೆ. ಕರ್ರಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಮೈಸೂರಿಗೆ ಫೋನ್ ಮಾಡಿದಾಗ ಅತ್ತಿಗೆ ಎತ್ತಿದರು. ಅಪ್ಪನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ ಆಗಷ್ಟೇ ಬಂದಿದ್ದರು. ನಾನು ಹದಿನೈದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿರುವುದು, ಮಗಳು ಅಮೆರಿಕದಲ್ಲಿದ್ದಾಳೆ ಅಂತ ಅಪ್ಪ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು, ಎಲ್ಲವೂ ಅತ್ತಿಗೆ ಅಲ್ಲಿ ನಿಂತಿದ್ದರಿಂದ. ಯಾವ ಮದುವೆ ಮನೆಯಲ್ಲೂ ಅವರನ್ನು ಯಾರೂ ಮುಂದೆ ಕರೆದು ಮಾತಾಡಿಸಿದ್ದನ್ನು ನಾನು ಕಂಡಿಲ್ಲ. ಅವರಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ. ಆದರೂ ಶನಿವಾರದ ಮಾತನ್ನು ಹೇಳಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಆ ಹುಡುಗನಿಗೆ ನೀನೇ ಏನಾದ್ರೂ ಹೇಳಮ್ಮ” ಅಂದರು.

ಗುರುವಾರ ಶಾಲೆ ಬಿಡುವ ಹೊತ್ತಿಗೆ ಪಾರ್ಕಿಂಗ್‌ನಲ್ಲಿ ಅಪ್ಪ, ಮಗ ಇಬ್ಬರೂ ಸಿಕ್ಕರು. ಮಗನನ್ನು ಶೂಟಿಂಗ್ ಕೋಚಿಂಗಿಗೆ ಸೇರಿಸಿದೀನಿ ಅಂದರು ಅವರು. ಅದು ಸರಿಯೇ. ಡೆನ್ವರ್ ತಂಡದ ಸೆಂಟರ್ ನಿಕೊಲಾ ಯೋಕಿಚ್, ತಂಡಗಳು ಹೊಸಬರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟಿನಲ್ಲಿ 41ನೆಯವನಾಗಿ ಬಂದು ಮೂರು ಸಲ ಎಂವಿಪಿ, ಅಂದರೆ ಲೀಗಿನ ಶ್ರೇಷ್ಠ ಆಟಗಾರ, ಆದ. ಅವನು ದೂರದಿಂದಲೂ ಹೊಡೆಯುತ್ತಾನೆ, ಗಾರ್ಡ್‌ಗಿಂತ ಚೆನ್ನಾಗಿ ಪಾಸ್ ಕೊಡುತ್ತಾನೆ. ಇನ್ನು ಮುಂದೆ ಎತ್ತರದವರಿಗೆ ಅದೆಲ್ಲ ಬೇಕೇ ಬೇಕು. ಆದರೆ ಯೋಕಿಚ್ ಕೂಡ ಪ್ರತಿ ಪಂದ್ಯದಲ್ಲಿ ತನ್ನ ಗಾರ್ಡ್ ಜಮಾಲ್ ಮರ್ರಿಗೆ ಸ್ಕ್ರೀನ್ ಹಾಕುತ್ತಾನೆ, ಅಲ್ಲಿಂದಲೇ ಡೆನ್ವರ್‌ನ ಅರ್ಧ ಆಟ ಶುರುವಾಗುತ್ತದೆ ಅಂದೆ. “ಹೌದಾ?” ಅಂದರು. ಒಪ್ಪಿದರೋ ಇಲ್ಲವೋ, ಈ ಸಲ ನಗಲಿಲ್ಲ.

ಅವರು ಫೋನ್ ಬಂತೆಂದು ಆಚೆ ಹೋದರು. ಹುಡುಗ ನನ್ನ ಪಕ್ಕ ಬಂದು ಕೇಳಿದ: “ಆಂಟಿ, ಸ್ಕ್ರೀನ್ ಆದ್ಮೇಲೆ ಯಾವ ಕಡೆ ತಿರುಗ್ಬೇಕು? ನಾನು ಯಾವಾಗ್ಲೂ ಚೆಂಡು ಕಾಣದೇ ಇರೋ ಕಡೆಗೇ ತಿರುಗ್ಬಿಡ್ತೀನಿ.”

ಚೀಲ ಕೆಳಗಿಡಲು ಹೇಳಿದೆ. ಚೆಂಡು ಇರುವ ಕಡೆಗೆ ಎದೆ ತೆರೆದು ತಿರುಗು, ಆ ಕಡೆಯ ಕಾಲು ಹಿಂದಕ್ಕೆ ಎಳೆದುಕೋ, ಡಿಫೆಂಡರ್ ನಿನ್ನ ಬೆನ್ನ ಹಿಂದೆಯೇ ಉಳಿಯಬೇಕು, ಕೈ ಮೇಲಿರಲಿ, ಪಾಸ್ ಯಾವಾಗ ಬರುತ್ತೋ ಗೊತ್ತಿಲ್ಲ ಅಂತ ತೋರಿಸಿದೆ. ಎರಡು ಕಾರುಗಳ ನಡುವೆ ಅವನು ತಿರುಗಿದ. “ಕಾಲು ಇನ್ನೂ ಅಗಲ” ಅಂದೆ. ಮತ್ತೆ ತಿರುಗಿದ.