ಕೆಂಪಿಗೆ ಎಷ್ಟಡಿ ಮನೆ ಬೇಕು?

ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಮನೆಗೆ ಕೆಂಪಿ ಬಂದಿದ್ದು ಮಗಳ ಗೆಳತಿಯ ಮನೆಯಿಂದ. ಅವರು ದೇಶ ಬಿಟ್ಟು ಹೋಗುವವರಿದ್ದರು, ಹಾವನ್ನು ಜೊತೆಗೆ ಕರೆದೊಯ್ಯುವುದು ಕಷ್ಟವಿತ್ತು. ಕೆಂಪಿ ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ಭಾಗದ ಹಾವು, ವಿಷವಿಲ್ಲ, ನಮ್ಮ ಕೇರೆ ಹಾವಿನ ಕುಟುಂಬಕ್ಕೇ ಸೇರಿದ್ದು. ಕಿತ್ತಳೆ ಮೈ ಮೇಲೆ ಇಟ್ಟಿಗೆ ಬಣ್ಣದ ಮಚ್ಚೆಗಳು, ಹೊಟ್ಟೆಯಡಿ ಕಪ್ಪು ಬಿಳಿ ಚೌಕಗಳು. ಬರುವಾಗ ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಬಂತು. ಆದರೆ ಹಾವು ಆಗಲೇ ಪೂರ್ತಿ ಬೆಳೆದಿತ್ತು.

ಊರಲ್ಲಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ, ಅದು ಸರಿಯೇ. ಇಲ್ಲಿ ಸಾಕಣೆಯಲ್ಲೇ ಹುಟ್ಟಿದ ಕಾರ್ನ್ ಸ್ನೇಕ್ ಸಾಕಬಹುದು. ಆದರೆ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕುವವರ ಮೇಲೆ ಹೊಣೆ ಹೊರಿಸುತ್ತದೆ. ಪ್ರಾಣಿಗೆ ತಕ್ಕ ಜಾಗ ಕೊಡಬೇಕು, ಅದು ತನ್ನ ಸಹಜ ರೀತಿಯಲ್ಲಿ ಬದುಕುವಂತಿರಬೇಕು. ಎರಡೂವರೆ ಅಡಿಯಲ್ಲಿ ಇದು ಆಗುವ ಮಾತಲ್ಲ.

ಒಂದು ಶನಿವಾರ ಬೆಳಿಗ್ಗೆ ಮಗಳ ಜೊತೆ ಅಂಗಡಿಗೆ ಹೋದೆ. ಇಲ್ಲಿ ಹಾವಿಗೆ ಮರದ ಪೆಟ್ಟಿಗೆಗಳು ಸಿಗುತ್ತವೆ, ಮುಂದೆ ಜಾರುವ ಗಾಜಿನ ಬಾಗಿಲು. ವೈವೇರಿಯಂ ಅಂತಾರೆ. ಅಂಗಡಿಯವರು ಮೂರಡಿಯದ್ದು ತೋರಿಸಿ, "ಇದು ಧಾರಾಳ ಆಯ್ತು. ಜಾಗ ಜಾಸ್ತಿಯಾದರೆ ಹಾವು ಹೆದರುತ್ತೆ, ತಿನ್ನೋದು ಬಿಡುತ್ತೆ" ಅಂದರು. ಹಾವು ಸಾಕುವವರಲ್ಲಿ ಈ ಮಾತು ಬಹಳ ವರ್ಷಗಳಿಂದ ಓಡಾಡುತ್ತಿದೆ. ನಾನು ಕೊಳ್ಳದೆ ವಾಪಸ್ ಬಂದೆ. ಮೊದಲು ಕೆಂಪಿಯ ಉದ್ದ ಗೊತ್ತಾಗಬೇಕಿತ್ತು.

ಹಾವನ್ನು ಎಳೆದು ಹಿಡಿದು ಅಳೆಯಬಾರದು, ಬೆನ್ನುಮೂಳೆಗೆ ಪೆಟ್ಟಾಗಬಹುದು. ಅದರ ಅಭ್ಯಾಸವನ್ನೇ ನಂಬಿಕೊಂಡೆವು. ಬಯಲಲ್ಲಿ ಬಿಟ್ಟರೆ ಹಾವು ಗೋಡೆ ಹಿಡಿದು ಹೋಗುತ್ತದೆ. ಹಾಲ್‌ನ ಬಾಗಿಲು ಮುಚ್ಚಿ, ಸೋಫಾದ ಅಡಿಗೆ ಬಟ್ಟೆ ತುರುಕಿ, ಕೆಂಪಿಯನ್ನು ನೆಲಕ್ಕೆ ಬಿಟ್ಟೆ. ಸ್ವಲ್ಪ ಹೊತ್ತು ನಾಲಿಗೆ ಆಡಿಸಿತು. ಆಮೇಲೆ ಗೋಡೆಬುಡದ ಮರದ ಪಟ್ಟಿಗೆ ಮೈ ತಾಗಿಸಿಕೊಂಡು ನೆಟ್ಟಗೆ ಹರಿಯತೊಡಗಿತು. ಮಗಳು ಮೂತಿಯ ಹತ್ತಿರ ಒಂದು ಟೇಪ್ ತುಂಡು, ನಾನು ಬಾಲದ ತುದಿಗೆ ಒಂದು ತುಂಡು, ಒಟ್ಟಿಗೇ ಅಂಟಿಸಿದೆವು. 4 ಅಡಿ 7 ಇಂಚು!

"ಅಪ್ಪಾ, ಅದು ಇಷ್ಟುದ್ದ ಇದೆ ಅಂತ ಅದಕ್ಕೇ ಮರೆತುಹೋಗಿರಬೇಕು" ಅಂದಳು ಮಗಳು. ಆ ಮಾತು ನನಗೆ ನಾಟಿತು.

ಅಡುಗೆಮನೆ ಮೇಜಿನ ಮೇಲೆ ಲೆಕ್ಕಕ್ಕೆ ಕೂತೆವು. ಇವತ್ತು ಬಹಳ ಜನ ಹೇಳುವ ಅಳತೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಅದರ ತಳದಲ್ಲಿ ಮೂಲೆಯಿಂದ ಮೂಲೆಗೆ ಹಿಡಿದರೂ ನಾಲ್ಕೂವರೆ ಅಡಿ ತುಂಬುವುದಿಲ್ಲ. ಅದೂ ಪೆಟ್ಟಿಗೆ ಖಾಲಿ ಇದ್ದರೆ ಮಾತ್ರ. ನೀರಿನ ಬಟ್ಟಲು, ಕೊಂಬೆ, ಅಡಗುತಾಣ ಇಟ್ಟ ಮೇಲೆ ಅಡ್ಡಡ್ಡ ಮೈ ಚಾಚಲು ಎಲ್ಲಿ ಜಾಗ? ಕೆಂಪಿಗೆ 5 ಅಡಿಯೇ ಬೇಕಿತ್ತು. ಸುಮ್ನೆ ಹಟಕ್ಕೆ ಹೇಳುತ್ತಿಲ್ಲ. ಲಿಂಕನ್ ವಿಶ್ವವಿದ್ಯಾಲಯದವರು ಕಾರ್ನ್ ಸ್ನೇಕ್‌ಗಳ ಮೇಲೇ ನಡೆಸಿದ ಅಧ್ಯಯನ 2021ರಲ್ಲಿ ಬಂದಿದೆ. ಮೈ ಚಾಚಲಾಗದ ಪೆಟ್ಟಿಗೆಯನ್ನೂ ದೊಡ್ಡ ಪೆಟ್ಟಿಗೆಯನ್ನೂ ಹೋಲಿಸಿ ನೋಡಿದ್ದರು. ದೊಡ್ಡದರಲ್ಲಿ ಹಾವುಗಳು ನೆಟ್ಟಗೆ ಚಾಚಿಕೊಂಡವು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟಾಗ ದೊಡ್ಡದರ ಕಡೆಗೇ ಒಲವು ತೋರಿಸಿದವು.

ಜಾಗ ಬೇಕಾಗುವುದು ಚಾಚುವುದಕ್ಕಷ್ಟೇ ಅಲ್ಲ, ಬಿಸಿಗೂ ಬೇಕು. ಹಾವಿನ ಮೈ ತಾನಾಗಿ ಕಾವು ಹುಟ್ಟಿಸಿಕೊಳ್ಳುವುದಿಲ್ಲ. ಬೆಚ್ಚಗಾಗಲು ಒಂದು ಕಡೆ, ತಣ್ಣಗಾಗಲು ಇನ್ನೊಂದು ಕಡೆ ಹೋಗುತ್ತಿರಬೇಕು. ಒಂದು ತುದಿ ಸುಮಾರು 30 ಡಿಗ್ರಿ ಇದ್ದರೆ ಇನ್ನೊಂದು ತುದಿ 23-24ರ ಆಸುಪಾಸು ಇರಬೇಕು. ಹಳೆಯ ತೊಟ್ಟಿಯ ಎರಡೂ ತುದಿಗೆ ಥರ್ಮಾಮೀಟರ್ ಇಟ್ಟು ನೋಡಿದರೆ ಹೆಚ್ಚು ಕಡಿಮೆ ಒಂದೇ ಬಿಸಿ. ಹಾಗಿದ್ದರೆ ಕೆಂಪಿ ತಣ್ಣಗಾಗಬೇಕು ಅಂದ್ರೆ ಎಲ್ಲಿಗೆ ಹೋಗಬೇಕಿತ್ತು?

ಐದಡಿ ಪೆಟ್ಟಿಗೆ ಎಲ್ಲಿಡುವುದು ಅಂತ ಹೆಂಡತಿ ಕೇಳಿದಳು. ಹಾಲ್‌ನಲ್ಲಿ ಪುಸ್ತಕದ ಕಪಾಟಿದ್ದ ಗೋಡೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅವಳೇ ಸ್ವಲ್ಪ ಹೊತ್ತು ನೋಡಿ, "ಕಪಾಟು ಮೇಲಿನ ರೂಮಿಗೆ ಹೋಗ್ಲಿ ಬಿಡಿ. ಇದು ಇನ್ನೂ ಹತ್ತು ವರ್ಷ ಬದುಕೋ ಜೀವ ಅಲ್ವಾ?" ಅಂದಳು. ಕಾರ್ನ್ ಸ್ನೇಕ್ ಇಪ್ಪತ್ತು ವರ್ಷ ಬಾಳುವುದು ಅಪರೂಪವೇನಲ್ಲ.

ಪೆಟ್ಟಿಗೆ ಬಂದ ದಿನ ಸಂಜೆ ತೀರ್ಥಹಳ್ಳಿಯಿಂದ ಅಮ್ಮನ ವಿಡಿಯೋ ಕರೆ. ನಾನು ಹಲಗೆಗಳ ಸಂದಿಗೆ ಸಿಲಿಕೋನ್ ಹಚ್ಚುತ್ತಿದ್ದೆ. ಬೆರಳು ತೂರುವಷ್ಟು ಸಂದಿಯಿದ್ದರೂ ಈ ಹಾವು ಹೊರಗೆ ಬರುತ್ತದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಮೂರಡಿ ಸಾಕು ಅಂದೋರು ತೋಟದಲ್ಲಿ ಕೇರೆ ಹಾವು ನೋಡಿಲ್ಲ ಕಣೋ. ಬಸಿಗಾಲುವೆ ಈ ದಡದಿಂದ ಆ ದಡಕ್ಕೆ ಚಾಚ್ಕೊಂಡು ಮಲಗಿರುತ್ತೆ" ಅಂದರು.

ಆದರೆ ಅಂಗಡಿಯವರ ಮಾತಿನಲ್ಲೂ ಒಂದು ನಿಜವಿದೆ. ದೊಡ್ಡ ಖಾಲಿ ಪೆಟ್ಟಿಗೆಗೆ ತಂದು ಹಾಕಿದರೆ ಹಾವು ಹೆದರುವುದು ಖಂಡಿತ. ಹೆದರಿಕೆ ಹುಟ್ಟಿಸುವುದು ಅಳತೆಯಲ್ಲ, ಮರೆಯಿಲ್ಲದಿರುವುದು. ಹಾಗಾಗಿ ಬಿಸಿ ತುದಿಗೊಂದು, ತಣ್ಣನೆ ತುದಿಗೊಂದು, ಮೈ ಸುರುಳಿ ಸುತ್ತಿದರೆ ಸುತ್ತಲೂ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಇಟ್ಟೆವು. ನಡುವೆ ಕಾರ್ಕ್ ಮರದ ತೊಗಟೆಯ ಕೊಳವೆಗಳು, ಪ್ಲಾಸ್ಟಿಕ್ ಬಳ್ಳಿ, ಅಡ್ಡಡ್ಡ ಕೊಂಬೆ. ತಳಕ್ಕೆ ಆಸ್ಪೆನ್ ಮರದ ಹೊಟ್ಟನ್ನು ದಪ್ಪಗೆ ಹರಡಿದೆವು, ಅದರೊಳಗೆ ತೂರಿಕೊಂಡು ಹೋಗಲಿ ಅಂತ. ಹೀಟರಿಗೆ ಜಾಲರಿ, ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಎರಡೂ ಕಡ್ಡಾಯ. ಇಲ್ಲದಿದ್ದರೆ ಹಾವಿನ ಮೈ ಸುಟ್ಟುಹೋಗುತ್ತದೆ. ಒಂದು ದಿನ ಪೂರ್ತಿ ಖಾಲಿ ಪೆಟ್ಟಿಗೆಗೇ ಬಿಸಿ ಕೊಟ್ಟು, ಎರಡೂ ತುದಿ ಸರಿಯಿದೆ ಅಂತ ಖಚಿತವಾದ ಮೇಲೇ ಕೆಂಪಿಯನ್ನು ಒಳಗೆ ಬಿಟ್ಟಿದ್ದು.

ಮೊದಮೊದಲು ಅದು ಅಡಗುತಾಣ ಬಿಟ್ಟು ಬರಲಿಲ್ಲ. ನಾವೂ ಮುಟ್ಟಲಿಲ್ಲ. ಆಮೇಲೆ ರಾತ್ರಿ ಕೊಂಬೆ ಹತ್ತಲು ಶುರು ಮಾಡಿತು, ಕೊಟ್ಟ ಇಲಿಯನ್ನು ತಕರಾರಿಲ್ಲದೆ ತಿಂದಿತು. ಈಗ ಹಿಂದಿನ ಗೋಡೆಗುಂಟ ಉದ್ದಕ್ಕೆ ಮಲಗುವುದು ಅದರ ದಿನದ ಅಭ್ಯಾಸ.

ಮರಿ ತರುವ ಗೆಳೆಯರು ಯಾವ ಅಳತೆ ಅಂತ ನನ್ನನ್ನು ಕೇಳುತ್ತಿರುತ್ತಾರೆ. ಮರಿಗೆ ಸಣ್ಣದರಲ್ಲಿ ಶುರು ಮಾಡಿದರೂ ಅಡ್ಡಿಯಿಲ್ಲ. ಆದರೆ ಹಾವು ತರುವ ಮೊದಲೇ ಮನೆಯಲ್ಲಿ ಐದಡಿ ಗೋಡೆ ಖಾಲಿ ಇದೆಯಾ ನೋಡಿ, ಇಲ್ಲದಿದ್ದರೆ ತರಬೇಡಿ ಅಂತೀನಿ. ನಮ್ಮ ಪೆಟ್ಟಿಗೆಯನ್ನು ಬಂದು ನೋಡಿ, ಟೇಪ್ ಹಿಡಿದು ಅಳೆದುಕೊಂಡು ಹೋದವರೂ ಇದ್ದಾರೆ.